ಸೋಫಾ, ಕಾರ್ಪೆಟ್ ತೊಳೆಯುವ ಬಿಸಿನೆಸ್‌ಗೆ ಮೊದಲ ಮೆಷಿನ್: ಕೊಳ್ಳುವ ಮುಂಚೆ ನೋಡಬೇಕಾದ್ದು

ನನ್ನ ಮೊದಲ ಮೆಷಿನ್ ಒಂದು ವೆಟ್ ಅಂಡ್ ಡ್ರೈ ವ್ಯಾಕ್ಯೂಮ್. ಜೊತೆಗೆ ಡ್ರಿಲ್ಲಿಗೆ ಸಿಕ್ಕಿಸುವ ದುಂಡನೆ ಬ್ರಷ್, ಒಂದು ಬಕೆಟ್, ಒಂದು ಕ್ಯಾನ್ ಶಾಂಪೂ. ಇಷ್ಟಕ್ಕೇ ಸೋಫಾ ಕ್ಲೀನಿಂಗ್ ಅಂತ ವಿಸಿಟಿಂಗ್ ಕಾರ್ಡ್ ಮಾಡಿಸಿಕೊಂಡಿದ್ದೆ. ಜುಲೈ ತಿಂಗಳು, ಬೆಂಗಳೂರಿನಲ್ಲಿ ಬಿಡದೆ ಜಿಟಿಜಿಟಿ ಮಳೆ. ಒಂದು ಫ್ಲ್ಯಾಟಿನಲ್ಲಿ ಐದು ಸೀಟಿನ ಸೋಫಾ, ಅದರ ಮುಂದಿನ ಕಾರ್ಪೆಟ್ ಎರಡನ್ನೂ ನೊರೆ ಬರಿಸಿ ಉಜ್ಜಿ, ನೀರು ಎಳೆದು, ದುಡ್ಡು ತಗೊಂಡು ಬಂದೆ. ನೋಡೋಕೆ ಹೊಸದರಂತೆ ಇತ್ತು. ಮೂರನೇ ದಿನ ಫೋನು. “ಹಾಲಿಗೆ ಕಾಲಿಟ್ಟರೆ ಒದ್ದೆ ನಾಯಿ ವಾಸನೆ ಬರ್ತಿದೆ ಕಣ್ರಿ.” ಹೋಗಿ ನೋಡಿದರೆ ಸೀಟಿನ ಮೇಲೆಲ್ಲ ಒಣಗಿದೆ, ಒಳಗಿನ ಸ್ಪಂಜು ಮಾತ್ರ ಹಿಂಡಿದರೆ ನೀರು ಬರುವಂತಿದೆ. ದುಡ್ಡು ವಾಪಸ್ ಕೊಟ್ಟೆ. ಆ ಅಪಾರ್ಟ್‌ಮೆಂಟಿನಲ್ಲಿ ಮತ್ತೆ ಕೆಲಸ ಸಿಗಲಿಲ್ಲ.

ಈಗ ಯಾರಾದರೂ ಯಾವ ಮೆಷಿನ್ ತಗೊಳ್ಳಲಿ ಅಂತ ಕೇಳಿದರೆ ಮೊದಲು ಹೇಳೋದು ಇದನ್ನೇ. ಬಟ್ಟೆಗೆ ನೀರು ಹಾಕೋಕೆ ಬಕೆಟ್ ಸಾಕು. ಹಾಕಿದ ನೀರನ್ನು ವಾಪಸ್ ಎಳೆಯೋಕೆ ಮೆಷಿನ್ ಬೇಕು. ಅಂಗಡಿಯವರು ಏನೇ ತೋರಿಸಲಿ, ಈ ಒಂದು ವಿಷಯ ತಲೆಯಲ್ಲಿರಲಿ.

ಮೊದಲು ನಿಮ್ಮ ಕೆಲಸದ ಪಟ್ಟಿ

ಅಂಗಡಿಗೆ ಹೋಗುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಬಂದ ಕೊನೆಯ ಇಪ್ಪತ್ತು ಫೋನ್ ಕಾಲ್‌ಗಳಲ್ಲಿ ಜನ ಏನು ಕೇಳಿದರು ಅಂತ ಬರೆಯಿರಿ. ಇನ್ನೂ ಶುರು ಮಾಡಿಲ್ಲವಾದರೆ, ಅಕ್ಕಪಕ್ಕದ ಇಪ್ಪತ್ತು ಮನೆ, ಅಂಗಡಿ, ಕ್ಲಿನಿಕ್‌ಗಳಲ್ಲಿ ತೊಳೆಯುವಂಥದ್ದು ಏನಿದೆ ನೋಡಿ. ನಮ್ಮ ಊರುಗಳಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದ ಮನೆ ಕಡಿಮೆ. ನನ್ನ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸೋಫಾ, ಆಮೇಲೆ ಹಾಸಿಗೆ, ಕಾರಿನ ಸೀಟು, ಡೈನಿಂಗ್ ಚೇರು. ಕಾರ್ಪೆಟ್ ಬಂದಿದ್ದು ಕಡೆಗೆ. ಅದರಲ್ಲೂ ಮನೆಯ ಬಿಡಿ ಕಾರ್ಪೆಟ್ಟು ಒಂದು ಬಗೆ, ಆಫೀಸಿನಲ್ಲಿ ಅಂಟಿಸಿರುವ 50 ಸೆಂಟಿಮೀಟರ್ ಚೌಕದ ಕಾರ್ಪೆಟ್ ಟೈಲು ಇನ್ನೊಂದು ಬಗೆ.

ಈ ಪಟ್ಟಿ ಯಾಕೆ ಅಂದರೆ, ಸಣ್ಣ ಮೆಷಿನ್ನಿಗೆ ಒಂದು ಮಿತಿ ಇದೆ. ಈ ಗಾತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ ಜರ್ಮನಿಯ ಕಾರ್ಚರ್ ಕಂಪನಿಯ ಪುಟ್ಜಿ 10/1. ಅದರ ಲೆಕ್ಕದಲ್ಲಿ ಗಂಟೆಗೆ 20ರಿಂದ 25 ಚದರ ಮೀಟರ್ ಕೆಲಸ ಆಗುತ್ತದೆ. 9 ಅಡಿ ಅಗಲ, 12 ಅಡಿ ಉದ್ದದ ಕಾರ್ಪೆಟ್ ಸುಮಾರು 10 ಚದರ ಮೀಟರ್. ಅಂದರೆ ಕಾಗದದ ಮೇಲೆ ಅರ್ಧ ಗಂಟೆ. ಧೂಳು ಎಳೆಯೋದು, ಕಲೆಗೆ ಮದ್ದು ಹೊಡೆಯೋದು, ಟೀಪಾಯಿ ಸರಿಸೋದು ಎಲ್ಲ ಸೇರಿದರೆ ಒಂದು ಗಂಟೆ ಆಯಿತು. ಅದೇ 1,000 ಚದರ ಅಡಿಯ ಆಫೀಸು ಅಂದರೆ 93 ಚದರ ಮೀಟರ್. ಬರೀ ಮೆಷಿನ್ ಓಡಿಸೋಕೇ ಸುಮಾರು ನಾಲ್ಕು ಗಂಟೆ ಬೇಕು, ಅದೂ ಬಗ್ಗಿಕೊಂಡು. ತಿಂಗಳಿಗೆ ಒಂದೆರಡು ಅಂಥ ಆಫೀಸಾದರೆ ಪರವಾಗಿಲ್ಲ. ವಾರಕ್ಕೆ ಮೂರು ಬರುವ ಹಾಗಿದ್ದರೆ ನಿಮಗೆ ಬೇಕಿರೋದು ಈ ಲೇಖನದ ಮೆಷಿನ್ ಅಲ್ಲ, ಬ್ರಷ್ ಇರುವ, ಹಿಂದೆ ನಡೆಯುತ್ತಾ ಓಡಿಸುವ ದೊಡ್ಡ ಮೆಷಿನ್.

ನಾಲ್ಕು ಹೆಸರು, ನಾಲ್ಕು ಬೇರೆ ಕೆಲಸ

ಅಂಗಡಿಯಲ್ಲಿ ನಾಲ್ಕು ಬಗೆಯ ಮೆಷಿನ್ನನ್ನೂ ಕಾರ್ಪೆಟ್ ಕ್ಲೀನರ್ ಅಂತಲೇ ಕರೆಯುತ್ತಾರೆ. ಎಡವೋದು ಇಲ್ಲೇ.

ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ಚೆಲ್ಲಿದ ನೀರು ಎಳೆಯುತ್ತದೆ, ಧೂಳೂ ಎಳೆಯುತ್ತದೆ. ಆದರೆ ತಾನೇ ನೀರು ಸಿಂಪಡಿಸೋದಿಲ್ಲ. ನೊರೆ ಬರಿಸಿ ಉಜ್ಜಿ ಇದರಲ್ಲಿ ಎಳೆಯುವುದೇ ನಮ್ಮಲ್ಲಿ ನಡೆಯುವ ‘ಸೋಫಾ ಶಾಂಪೂ’. ತೊಂದರೆ ಏನೆಂದರೆ, ಶಾಂಪೂ ಪೂರ್ತಿ ಹೊರಗೆ ಬರೋದಿಲ್ಲ. ಉಳಿದ ಸೋಪು ಒಣಗಿ ಜಿಗುಟಾಗಿ, ಹೊಸ ಧೂಳನ್ನು ಹಿಡಿದುಕೊಳ್ಳುತ್ತದೆ. ತೊಳೆಸಿದ ಎರಡೇ ತಿಂಗಳಿಗೆ ಸೋಫಾ ಮೊದಲಿಗಿಂತ ಕೊಳೆ ಅಂತ ಜನ ದೂರುವುದು ಇದಕ್ಕೇ.

ಸ್ಟೀಮ್ ಕ್ಲೀನರ್ ಬಿಸಿ ಆವಿ ಬಿಡುತ್ತದೆ. ಅಡುಗೆಮನೆ ಟೈಲ್ಸಿನ ಜಿಡ್ಡಿಗೆ, ಕಿಟಕಿ ಸಂದಿಗೆ ಬಹಳ ಒಳ್ಳೆಯದು. ಆದರೆ ಕಾರ್ಪೆಟ್ಟಿನೊಳಗಿನ ಕೊಳೆಯನ್ನು ಅದು ಸಡಿಲ ಮಾಡುತ್ತದೆಯೇ ಹೊರತು ಹೊರಗೆ ತೆಗೆಯೋದಿಲ್ಲ. ಪಾಂಪ್ಲೆಟ್‌ಗಳಲ್ಲಿ ‘ಸ್ಟೀಮ್ ಕ್ಲೀನಿಂಗ್’ ಅಂತ ಬರೆಯುವವರಲ್ಲಿ ಎಷ್ಟೋ ಜನ ನಿಜವಾಗಿ ಮಾಡೋದು ಬಿಸಿನೀರಿನ ಎಕ್ಸ್‌ಟ್ರಾಕ್ಷನ್, ಅಂದರೆ ಬಿಸಿನೀರು ಸಿಂಪಡಿಸಿ ಕೊಳೆಯ ಸಮೇತ ವಾಪಸ್ ಎಳೆಯೋದು. ಆ ಹೆಸರು ನೋಡಿ ಹೋಗಿ ಸ್ಟೀಮ್ ಮೆಷಿನ್ ಕೊಂಡವರನ್ನು ನಾನು ಬಲ್ಲೆ.

ಮನೆ ಬಳಕೆಯ ಸ್ಪಾಟ್ ಕ್ಲೀನರ್ ಚಿಕ್ಕದು, ಮುದ್ದಾಗಿದೆ, ಬೆಲೆಯೂ ಕಡಿಮೆ. ನೀರು ಸಿಂಪಡಿಸುತ್ತದೆ, ಎಳೆಯುತ್ತದೆ. ಮಗು ಹಾಲು ಚೆಲ್ಲಿದ ಜಾಗಕ್ಕೆ ಸರಿ. ಆದರೆ ಟ್ಯಾಂಕು ಪುಟಾಣಿ, ಒಂದು ಸೋಫಾಕ್ಕೆ ಹತ್ತು ಸಲ ಬಾತ್‌ರೂಮಿಗೆ ಓಡಬೇಕು. ಇನ್ನೊಂದು ಮಾತು, ಮನೆ ಬಳಕೆಯ ಮೆಷಿನ್ನನ್ನು ದುಡಿಮೆಗೆ ಬಳಸಿದರೆ ವಾರಂಟಿ ಸಾಮಾನ್ಯವಾಗಿ ಸಿಗೋದಿಲ್ಲ. ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಓದಿ. ಕಾರ್ಚರ್‌ನಲ್ಲಿ ಬಣ್ಣ ನೋಡಿಯೇ ಹೇಳಬಹುದು: ಹಳದಿ ಮೈಯಾದರೆ ಮನೆಗೆ, ಕಡುಬೂದು ಮೈಯಾದರೆ ವೃತ್ತಿಗೆ.

ನಾಲ್ಕನೆಯದು ಸ್ಪ್ರೇ ಎಕ್ಸ್‌ಟ್ರಾಕ್ಟರ್. ನಮಗೆ ಬೇಕಿರೋದು ಇದು. ಒಳಗೆ ಎರಡು ಟ್ಯಾಂಕು, ಒಂದು ಚೊಕ್ಕ ನೀರಿಗೆ, ಒಂದು ಕೊಳೆ ನೀರಿಗೆ. ಒಂದು ಪಂಪು, ಒಂದು ಎಳೆಯುವ ಮೋಟರು. ಹಿಡಿಯ ಗುಂಡಿ ಒತ್ತಿದರೆ ನೀರು ಬಟ್ಟೆಯೊಳಗೆ ಹೋಗುತ್ತದೆ, ಅದರ ಹಿಂದೆಯೇ ಪೈಪಿನ ತುದಿಯ ಬಾಯಿ ಆ ನೀರನ್ನು ಕೊಳೆಯ ಸಮೇತ ಹೀರುತ್ತದೆ. ಕಾರ್ಚರ್ ಬಿಟ್ಟರೆ ಡೆನ್ಮಾರ್ಕಿನ ನಿಲ್‌ಫಿಸ್ಕ್, ಇಟಲಿಯ ಸಾಂತೋಎಮ್ಮ ಇಂಥವನ್ನು ಮಾಡುತ್ತವೆ. ನಮ್ಮ ಪಕ್ಕದ ಕೊಯಮತ್ತೂರಿನ ರೂಟ್ಸ್ ಮಲ್ಟಿಕ್ಲೀನ್ ಕೂಡ ಕ್ಲೀನಿಂಗ್ ಮೆಷಿನ್‌ಗಳಿಗೆ ಹೆಸರಾದದ್ದು. ಬ್ರ್ಯಾಂಡು ಯಾವುದಾದರೂ ಇರಲಿ, ಲೇಬಲ್ ಓದೋದು ಕಲಿತರೆ ಯಾರೂ ಯಾಮಾರಿಸಲಾರರು.

ಲೇಬಲ್ ಓದುವ ಬಗೆ

ಅಂಗಡಿಯವರು ಮೊದಲು ಹೇಳೋದು ವ್ಯಾಟ್. “ಸಾರ್, ಇದು 1,600 ವ್ಯಾಟು, ಅದು ಬರೀ 1,200.” ವ್ಯಾಟ್ ಅಂದರೆ ಮೆಷಿನ್ ತಿನ್ನುವ ಕರೆಂಟು, ಮಾಡುವ ಕೆಲಸ ಅಲ್ಲ. ಜಾಸ್ತಿ ಉಣ್ಣುವ ಎತ್ತು ಜಾಸ್ತಿ ಉಳುತ್ತದೆ ಅಂತೇನಿಲ್ಲವಲ್ಲ. ನೋಡಬೇಕಾದ ಅಂಕಿ ಬೇರೆ ಎರಡಿವೆ, ಎರಡನ್ನೂ ಒಟ್ಟಿಗೆ ನೋಡಬೇಕು.

ಒಂದು, ಎಳೆತದ ಬಲ. ಇದನ್ನು ಮಿಲಿಬಾರ್‌ನಲ್ಲಿ ಬರೆದಿರುತ್ತಾರೆ. 1 ಮಿಲಿಬಾರ್ ಅಂದರೆ ಸುಮಾರು ಒಂದು ಸೆಂಟಿಮೀಟರ್ ಎತ್ತರದ ನೀರನ್ನು ಎತ್ತಿ ಹಿಡಿಯುವ ಶಕ್ತಿ. ಪುಟ್ಜಿ 10/1ರಲ್ಲಿ ಇದು 220. ಅಂದರೆ ಎರಡು ಮೀಟರಿಗೂ ಮೀರಿದ ನೀರಿನ ಕಂಬ, ಆಳೆತ್ತರಕ್ಕಿಂತ ಜಾಸ್ತಿ. ಕೆಲವು ಮೆಷಿನ್‌ಗಳಲ್ಲಿ ಇದೇ ಅಳತೆಯನ್ನು ಮಿಲಿಮೀಟರ್ ವಾಟರ್ ಕಾಲಮ್ ಅಂತಲೋ, ಇಂಚಿನಲ್ಲಿ ವಾಟರ್ ಲಿಫ್ಟ್ ಅಂತಲೋ ಹಾಕಿರುತ್ತಾರೆ. 220 ಮಿಲಿಬಾರ್ ಅಂದರೆ ಹೆಚ್ಚುಕಮ್ಮಿ 88 ಇಂಚು. ಸೋಫಾದ ಸ್ಪಂಜಿನ ಆಳದಿಂದ ನೀರನ್ನು ಮೇಲಕ್ಕೆ ಕೀಳುವುದು ಈ ಬಲ. ವೃತ್ತಿಗೆ ಕೊಳ್ಳುವಾಗ 200ಕ್ಕಿಂತ ಕೆಳಗಿನದನ್ನು ನಾನಂತೂ ಮುಟ್ಟೋದಿಲ್ಲ.

ಎರಡು, ಗಾಳಿಯ ಹರಿವು. ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಎಳೆಯುತ್ತದೆ ಅನ್ನೋದು. ಕಿತ್ತ ನೀರನ್ನು ಪೈಪಿನಲ್ಲಿ ಟ್ಯಾಂಕಿನವರೆಗೆ ಹೊತ್ತು ತರೋದು ಈ ಗಾಳಿ. ಅದೇ ಮೆಷಿನ್ನಿನಲ್ಲಿ ಇದು 54. ಬಲ ಇದ್ದು ಹರಿವಿಲ್ಲದಿದ್ದರೆ ನೀರು ಪೈಪಿನಲ್ಲೇ ಗುಳುಗುಳು ಅನ್ನುತ್ತಿರುತ್ತದೆ. ಹರಿವಿದ್ದು ಬಲ ಇಲ್ಲದಿದ್ದರೆ ಬಟ್ಟೆಯ ಮೇಲ್ಮೈ ಮಾತ್ರ ಒಣಗುತ್ತದೆ, ನನ್ನ ಮೊದಲ ಸೋಫಾದ ಹಾಗೆ.

ಪಂಪಿನ ಒತ್ತಡ ಬಾರ್‌ನಲ್ಲಿರುತ್ತದೆ, ಇಲ್ಲವೇ ಪಿಎಸ್‌ಐನಲ್ಲಿ. 1 ಬಾರ್ ಅಂದರೆ 14.5 ಪಿಎಸ್‌ಐ. ಇಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನೋ ಮಾತು ಸುಳ್ಳು. ಸೋಫಾಕ್ಕೆ, ಹಾಸಿಗೆಗೆ, ಕಾರಿನ ಸೀಟಿಗೆ 1 ಬಾರ್ ಸಾಕು. ಒತ್ತಡ ಏರಿದರೆ ನೀರು ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ. ಆಫೀಸಿನ ಕಾರ್ಪೆಟ್ಟು ನಿಮ್ಮ ಪಟ್ಟಿಯಲ್ಲಿ ಜಾಸ್ತಿ ಇದ್ದರೆ 2 ಬಾರ್‌ನ ಮಾದರಿ ನೋಡಿ. ಕಾರ್ಪೆಟ್ಟಿನ ಅಡಿಯಲ್ಲಿ ಸ್ಪಂಜಿಲ್ಲ, ನೀರು ಹೋಗಿ ಅಡಗೋಕೆ ಜಾಗ ಕಡಿಮೆ.

ಇನ್ನು ಟ್ಯಾಂಕು. ಮಾದರಿಯ ಹೆಸರಲ್ಲಿರುವ 10 ಅಂದರೆ ಹತ್ತು ಲೀಟರ್ ಚೊಕ್ಕ ನೀರು. ನಿಮಿಷಕ್ಕೆ ಒಂದು ಲೀಟರ್ ಸಿಂಪಡಿಸಿದರೆ ಗುಂಡಿ ಒತ್ತಿಹಿಡಿದ ಹತ್ತು ನಿಮಿಷ. ಎಳೆಯುವ ಹೊತ್ತು ಬೇರೆ, ಹಾಗಾಗಿ ಒಂದು ತುಂಬಿಕೆಯಲ್ಲಿ ಒಂದು ಮಟ್ಟದ ಸೋಫಾ ಮುಗಿಯುತ್ತದೆ. 20 ಲೀಟರಿನದು ಸಿಗುತ್ತದೆ. ಆದರೆ ಒಂದು ಲೀಟರ್ ನೀರು ಒಂದು ಕಿಲೋ ಅನ್ನೋದು ಮರೆಯಬೇಡಿ. ತುಂಬಿದ ಮೆಷಿನ್ನನ್ನು ಹೊಸಿಲು ದಾಟಿಸುವಾಗ ಇದು ನಿಮ್ಮ ಸೊಂಟಕ್ಕೇ ಗೊತ್ತಾಗುತ್ತದೆ.

ಮೋಟರಿನ ಬಗ್ಗೆ ಒಂದೇ ಪ್ರಶ್ನೆ ಕೇಳಿ: ಬೈಪಾಸ್ ಮೋಟರಾ? ಬೈಪಾಸ್ ಅಂದರೆ ಎಳೆದ ಒದ್ದೆ ಗಾಳಿ ಒಂದು ದಾರಿ, ಮೋಟರನ್ನು ತಣ್ಣಗಿಡುವ ಗಾಳಿ ಇನ್ನೊಂದು ದಾರಿ. ನೀರೆಳೆಯುವ ಕೆಲಸಕ್ಕೆ ಇದೇ ಬೇಕು.

ಪ್ಲಗ್ಗು, ಸ್ಕೂಟರು, ಮೆಟ್ಟಿಲು

ಇದನ್ನು ಯಾವ ಪಾಂಪ್ಲೆಟ್ಟೂ ಹೇಳೋದಿಲ್ಲ. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗಿಬಿಡುತ್ತದೆ.

ನಮ್ಮ ಮನೆಗಳ ಹಾಲಿನಲ್ಲಿ ಟಿವಿ ಪಕ್ಕ ಇರೋದು 6 ಆಂಪಿಯರ್ ಪ್ಲಗ್ಗು. 230 ವೋಲ್ಟಿಗೆ ಅದು ತಡೆಯೋದು 1,380 ವ್ಯಾಟ್. 1,250 ವ್ಯಾಟ್ ಮೋಟರು, 40 ವ್ಯಾಟ್ ಪಂಪು ಸೇರಿದರೆ 1,290. ಅಂಚಿನಲ್ಲಿದೆ, ಆದರೂ ನಡೆಯುತ್ತದೆ. ಒಳಗೇ ಹೀಟರ್ ಇರುವ ಮೆಷಿನ್ ಕೊಂಡರೆ ಇದಕ್ಕೆ ಇನ್ನೊಂದು ಸಾವಿರ ವ್ಯಾಟ್ ಸೇರಿತು ಅನ್ನಿ, ಆಗ 10 ಆಂಪಿಯರ್ ಆಗುತ್ತದೆ. ಪವರ್ ಪ್ಲಗ್ಗೇ ಬೇಕು. ಅದಿರೋದು ಅಡುಗೆಮನೆಯಲ್ಲಿ, ಇಲ್ಲವೇ ಗೀಸರ್, ಎಸಿ ಪಾಯಿಂಟಿನಲ್ಲಿ. ಗಿರಾಕಿ ಮನೆಯ ಎಂಸಿಬಿ ಬಿದ್ದು ಫ್ರಿಜ್ಜು, ವೈಫೈ ಎಲ್ಲ ಆಫ್ ಆದರೆ ಮರ್ಯಾದೆ ಹೋಗುತ್ತದೆ.

ಹಾಗಾಗಿ ಹೀಟರ್ ಇಲ್ಲದ್ದೇ ಸಾಕು ಅನ್ನೋದು ನನ್ನ ಸಲಹೆ. ಬಿಸಿನೀರು ಜಿಡ್ಡನ್ನು ಬೇಗ ಬಿಡಿಸುತ್ತದೆ, ನಿಜ. ಆದರೆ ಗಿರಾಕಿಯ ಗೀಸರಿನಲ್ಲೇ ಬಿಸಿನೀರು ಸಿಗುತ್ತದಲ್ಲ. ಎಷ್ಟು ಡಿಗ್ರಿಯವರೆಗೆ ಹಾಕಬಹುದು ಅಂತ ಮೆಷಿನ್ನಿನ ಪುಸ್ತಕದಲ್ಲಿರುತ್ತದೆ, ಅದನ್ನು ಮೀರಬೇಡಿ. ಒಲೆ ಮೇಲೆ ಕುದಿಸಿದ ನೀರು ಸುರಿದರೆ ಪಂಪಿನ ಸೀಲು ಹೋಗುತ್ತದೆ.

ಎಕ್ಸ್‌ಟೆನ್ಷನ್ ವೈರಿನಲ್ಲಿ ಕಂಜೂಸ್ತನ ಬೇಡ. ಮೂರು ಎಳೆಯ ತಾಮ್ರದ ವೈರು, ಕಡಿಮೆ ಅಂದರೂ 1.5 ಚದರ ಮಿಲಿಮೀಟರ್ ದಪ್ಪ, ಅರ್ಥಿಂಗ್ ಇರುವ ಪಿನ್ನು. ರೀಲಿಗೆ ಸುತ್ತಿದ ವೈರಾದರೆ ಪೂರ್ತಿ ಬಿಚ್ಚಿಯೇ ಬಳಸಿ. ಸುತ್ತಿದ ಹಾಗೇ ಬಿಟ್ಟರೆ ಒಳಗೆ ಕಾದು ಕರಗುತ್ತದೆ. ನೀವು ಒದ್ದೆ ಕೈಯಲ್ಲಿ, ಒದ್ದೆ ನೆಲದ ಮೇಲೆ ಕರೆಂಟಿನ ಮೆಷಿನ್ ಹಿಡಿದಿರುತ್ತೀರಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್ಚು) ಕೂರಿಸಿದ ಒಂದು ಬೋರ್ಡನ್ನು ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ ಜೊತೆಗೇ ಒಯ್ಯಿರಿ.

ಆಮೇಲೆ ಸಾಗಣೆ. ಟೇಪು ಹಿಡಿದು ನಿಮ್ಮ ಸ್ಕೂಟರಿನ ಕಾಲಿಡುವ ಜಾಗ ಅಳೆಯಿರಿ. ಮೆಷಿನ್ ಅಲ್ಲಿ ಕೂರುತ್ತದಾ? ಹ್ಯಾಂಡಲ್ ತಿರುಗುತ್ತದಾ? ಖಾಲಿ ಮೆಷಿನ್ 10, 11 ಕಿಲೋ ಇದ್ದರೆ ಒಬ್ಬರೇ ಎತ್ತಿಕೊಂಡು ಲಿಫ್ಟಿಲ್ಲದ ಮೂರನೇ ಮಹಡಿ ಹತ್ತಬಹುದು. 25 ಕಿಲೋದ್ದಾದರೆ ಇನ್ನೊಬ್ಬ ಹುಡುಗ ಬೇಕು, ಆಟೋ ಬೇಕು. ದಿನಕ್ಕೆ ಎರಡು ಕೆಲಸ ಅಂದರೆ ನಾಲ್ಕು ಸಲ ಆಟೋ ಬಾಡಿಗೆ. ಆ ಲೆಕ್ಕ ಹಾಕಿದ ಮೇಲೆ ನಾನು ಸಣ್ಣದಕ್ಕೇ ಬಂದೆ.

ಅಂಗಡಿಯಲ್ಲಿ ಡೆಮೋ

ಬೆಂಗಳೂರಿನವರು ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆ ಕಡೆ ಒಂದು ಸುತ್ತು ಹಾಕಿ ಬೆಲೆ ತಿಳಿದುಕೊಳ್ಳಬಹುದು. ಕೊಳ್ಳೋದು ಮಾತ್ರ ಡೆಮೋ ಕೊಡುವ ಡೀಲರ್ ಹತ್ತಿರ. ಡೆಮೋಗೆ ಹೋಗುವಾಗ ಮನೆಯಿಂದ ಮೂರು ಸಾಮಾನು ಒಯ್ಯಿರಿ: ಹಳೆಯ ಸೋಫಾ ಕುಷನ್ ಒಂದು, ಅಳತೆ ಗೆರೆ ಇರುವ ಒಂದು ಜಗ್ಗು, ಒಂದು ಬಿಳಿ ಟವೆಲ್.

ಕುಷನ್ ಮೇಲೆ ಹಿಂದಿನ ರಾತ್ರಿಯೇ ಕಾಫಿ ಚೆಲ್ಲಿ ಒಣಗಿಸಿರಿ. ಡೀಲರ್ ತನ್ನ ಕಾರ್ಪೆಟ್ ತುಂಡಿನ ಮೇಲೆ ಪುಡಿಮಣ್ಣು ಉದುರಿಸಿ ತೋರಿಸುವ ಮ್ಯಾಜಿಕ್ ನೋಡಿ ಮರುಳಾಗಬೇಡಿ, ಆಗಷ್ಟೇ ಉದುರಿಸಿದ ಮಣ್ಣನ್ನು ಯಾವ ಮೆಷಿನ್ನಾದರೂ ತೆಗೆಯುತ್ತದೆ.

ಟ್ಯಾಂಕಿಗೆ ಅಳೆದು ಐದು ಲೀಟರ್ ನೀರು ಹಾಕಿಸಿ. ಶುರು ಮಾಡುವ ಮುಂಚೆ ಕೊಳೆ ಟ್ಯಾಂಕು ಖಾಲಿ ಇದೆಯಾ ನೋಡಿ. ಕುಷನ್ನಿಗೆ ನೀವೇ ಸಿಂಪಡಿಸಿ, ನೀವೇ ಎಳೆಯಿರಿ. ಬಾಯಿಯನ್ನು ಮುಂದಕ್ಕೆ ತಳ್ಳಬಾರದು, ನಿಮ್ಮ ಕಡೆಗೆ ಎಳೆದುಕೊಳ್ಳಬೇಕು. ಒಂದು ಸಲ ನೀರು ಬಿಟ್ಟು ಎಳೆದರೆ, ಎರಡು ಸಲ ನೀರು ಬಿಡದೆ ಎಳೆಯಿರಿ. ಆಮೇಲೆ ಎರಡೂ ಟ್ಯಾಂಕು ಜಗ್ಗಿನಲ್ಲಿ ಅಳೆಯಿರಿ. ಮೂರು ಲೀಟರ್ ಹೋಗಿದ್ದರೆ ಕೊಳೆ ಟ್ಯಾಂಕಿನಲ್ಲಿ ಎಷ್ಟು ಬಂತು? ಬಾರದೆ ಉಳಿದದ್ದೆಲ್ಲ ಕುಷನ್ನಿನಲ್ಲಿದೆ. ಎರಡು ಮೆಷಿನ್ ಹೋಲಿಸುವಾಗ ಎರಡಕ್ಕೂ ಇದೇ ಪರೀಕ್ಷೆ ಮಾಡಿ. ಕಡೆಗೆ ಬಿಳಿ ಟವೆಲ್ ಮಡಿಸಿ ಕುಷನ್ ಮೇಲಿಟ್ಟು, ಅದರ ಮೇಲೆ ಕೂತುಬಿಡಿ. ಅರ್ಧ ನಿಮಿಷ ಬಿಟ್ಟು ಎದ್ದು ಟವೆಲ್ ಮುಟ್ಟಿ ನೋಡಿ. ತಣ್ಣಗೆ ಅನ್ನಿಸಿದರೆ ಸರಿ. ತೊಟ್ಟಿಕ್ಕುವಂತಿದ್ದರೆ ನಮಸ್ಕಾರ ಹೇಳಿ ಬನ್ನಿ. ಡೀಲರ್ ನಗಬಹುದು, ನಗಲಿ ಬಿಡಿ.

ಅಲ್ಲೇ ಇನ್ನಷ್ಟು ನೋಡಿಕೊಳ್ಳಿ. ಕೈಬಾಯಿಯಲ್ಲಿ ಪಾರದರ್ಶಕ ಕಿಟಕಿ ಇದೆಯಾ? ಅದಿದ್ದರೆ ಬರುವ ನೀರು ಕಪ್ಪಗಿದೆಯಾ, ತಿಳಿಯಾಯಿತಾ ಅಂತ ಕಾಣುತ್ತದೆ. ಗಿರಾಕಿಗೂ ಕಾಣುತ್ತದೆ, ಅದೇ ನಿಮ್ಮ ಜಾಹೀರಾತು. ಕೊಳೆ ಟ್ಯಾಂಕನ್ನು ಬಕೆಟ್ಟಿನ ಹಾಗೆ ಎತ್ತಿ ಬಾತ್‌ರೂಮಿಗೆ ಒಯ್ಯಬಹುದಾ, ಇಲ್ಲ ಇಡೀ ಮೆಷಿನ್ ಹೊತ್ತುಕೊಂಡು ಹೋಗಬೇಕಾ? ಟ್ಯಾಂಕಿನ ಒಳಗೆ ಕೈ ಹೋಗುತ್ತದಾ? ನೆಲದ ಅಗಲ ಬಾಯಿ ಜೊತೆಗೇ ಬರುತ್ತದಾ, ಬೇರೆ ದುಡ್ಡಾ?

ಯಾವುದಕ್ಕೆ ನೀರು ತಾಗಿಸಬಾರದು

ಒಳ್ಳೆ ಮೆಷಿನ್ ಕೊಂಡ ಮೇಲೆ ಎಲ್ಲವನ್ನೂ ತೊಳೆಯುವ ಹುಮ್ಮಸ್ಸು ಬರುತ್ತದೆ. ತಡೆಯಿರಿ. ಸೋಫಾದ ಸೀಟಿನಡಿ ಲೇಬಲ್ ಇದ್ದರೆ ಮೊದಲು ಅದನ್ನು ನೋಡಿ. ಇಂಗ್ಲಿಷಿನ ಡಬ್ಲ್ಯೂ ಅಕ್ಷರ ಇದ್ದರೆ ನೀರಿನ ಮದ್ದು ಬಳಸಬಹುದು. ಎಸ್ ಇದ್ದರೆ ನೀರು ಬೇಡ, ಸಾಲ್ವೆಂಟ್ (ಡ್ರೈಕ್ಲೀನಿಂಗ್ ಥರದ ದ್ರವ) ಮಾತ್ರ. ಎಕ್ಸ್ ಇದ್ದರೆ ಧೂಳು ಎಳೆದು ಕೈಮುಗಿದು ಬನ್ನಿ.

ಕಾರ್ಪೆಟ್ಟಿನಲ್ಲಿ ಲೇಬಲ್ ಇಲ್ಲದಿದ್ದರೆ ಅಂಚಿನಿಂದ ಒಂದೆರಡು ಎಳೆ ಕಿತ್ತು, ಗಿರಾಕಿಯನ್ನು ಕೇಳಿಯೇ ಕೀಳಿ, ಹೊರಗೆ ಹೋಗಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ, ಇಲ್ಲವೇ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್ ಥರದ್ದು. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಸೆಣಬು ಅಥವಾ ವಿಸ್ಕೋಸ್. ವಿಸ್ಕೋಸ್ ಅನ್ನು ಅಂಗಡಿಗಳಲ್ಲಿ ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಅಂತ ಮಾರುತ್ತಾರೆ. ಮಿರಮಿರ ಮಿಂಚುತ್ತದೆ, ಒದ್ದೆಯಾದರೆ ಹಳದಿಯಾಗಿ ಸೆಟೆದುಕೊಳ್ಳುತ್ತದೆ. ನಾನು ಮುಟ್ಟೋದಿಲ್ಲ. ರೇಷ್ಮೆಯನ್ನೂ ಮುಟ್ಟೋದಿಲ್ಲ.

ಉಣ್ಣೆಗೆ ಕ್ಷಾರದ (ಸೋಡಾ ಥರದ) ಮದ್ದು ಆಗದು, ಬಿಸಿನೀರೂ ಆಗದು. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇಬಿಡುತ್ತದೆ. ಉಗುರುಬೆಚ್ಚಗಿನ ನೀರು, ಉಣ್ಣೆಗಾಗಿಯೇ ಮಾಡಿದ ಮದ್ದು. ಕಾರ್ಪೆಟ್ ಮಗುಚಿ ಹಿಂಬದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮುಂದಿನ ಚಿತ್ತಾರವೇ ಹಿಂದೆಯೂ ಕಂಡರೆ ಅದು ಅಂಟಿಸಿದ್ದಲ್ಲ, ನೇಯ್ದದ್ದು. ಹಿಂದೆ ಕ್ಯಾನ್ವಾಸ್ ಬಟ್ಟೆ ಅಂಟಿಸಿದ್ದರೆ ಒಳಗೆ ರಬ್ಬರಿನ ಅಂಟಿದೆ ಅಂತ ಅರ್ಥ. ಅದು ಹಳತಾಗಿ ಪುಡಿಯಾಗುತ್ತಿದ್ದರೆ ನೀರು ಬಿದ್ದ ಮೇಲೆ ವಾಸನೆಯೂ ಬರುತ್ತದೆ, ಪದರವೂ ಬಿಡುತ್ತದೆ. ಸೆಣಬಿನ ಹಿಂಬದಿ ಇದ್ದು ನೀರು ಜಾಸ್ತಿಯಾದರೆ ಮೇಲೆ ಕಂದು ಕಲೆ ಮೂಡುತ್ತದೆ.

ನಮ್ಮ ಕಡೆಯದೇ ಒಂದು ಉದಾಹರಣೆ, ನವಲಗುಂದದ ಜಮಖಾನೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಣ್ಣುಮಕ್ಕಳು ಕೈಯಲ್ಲಿ ನೇಯುವ ಹತ್ತಿ ಜಮಖಾನೆ. ಪಗಡೆ ಹಾಸಿನ ಚಿತ್ತಾರ ಇರುವುದು ಬಹಳ ಹೆಸರುವಾಸಿ. ಜಿಐ ಟ್ಯಾಗ್ ಕೂಡ ಇದೆ. ಕೆಂಪು, ಹಳದಿ ಗಾಢ ಬಣ್ಣಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಬಣ್ಣ ಬಿಟ್ಟರೆ ಚಿತ್ತಾರವೇ ಹೋಯಿತು. ಒದ್ದೆ ಬಿಳಿ ಬಟ್ಟೆಯನ್ನು ಒಂದೊಂದು ಬಣ್ಣದ ಮೇಲೂ ಒಂದು ನಿಮಿಷ ಒತ್ತಿಹಿಡಿದು ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಧೂಳು ತೆಗೆದು ಮಡಿಸಿ ಕೊಟ್ಟುಬಿಡಿ. ಅಜ್ಜಿಯ ಕಾಲದ್ದು ಅಂತ ಗಿರಾಕಿ ಹೇಳಿದರೆ ಇನ್ನೂ ಹುಷಾರು.

ಮದ್ದು ಮತ್ತು ನೀರು

ಬಟ್ಟೆ ಒಗೆಯುವ ಪೌಡರು, ಪಾತ್ರೆ ತೊಳೆಯುವ ಲಿಕ್ವಿಡ್ಡು ಟ್ಯಾಂಕಿಗೆ ಹಾಕಬೇಡಿ. ನೊರೆ ಉಬ್ಬಿ ಕೊಳೆ ಟ್ಯಾಂಕು ತುಂಬಿ ಮೋಟರಿಗೆ ಹೋಗುತ್ತದೆ. ನೀರು ತುಂಬಿದಾಗ ಎಳೆತ ನಿಲ್ಲಿಸುವ ಫ್ಲೋಟು ನೊರೆಗೆ ಏಳೋದಿಲ್ಲ. ಕಡಿಮೆ ನೊರೆಯ ಎಕ್ಸ್‌ಟ್ರಾಕ್ಷನ್ ಮದ್ದೇ ಬೇಕು. ಮೊದಲೇ ಯಾರೋ ಶಾಂಪೂ ಹಾಕಿದ ಸೋಫಾ ಆದರೆ ಬರೀ ನೀರಿಗೇ ನೊರೆ ಬರುತ್ತದೆ, ಅದಕ್ಕೆ ನೊರೆ ಇಳಿಸುವ ಡಿಫೋಮರ್ ಒಂದು ಬಾಟಲಿ ಜೊತೆಗಿರಲಿ. ಕೊನೆಯ ಸುತ್ತು ಬರೀ ನೀರಲ್ಲಿ ಮಾಡಿ.

ಬೋರ್‌ವೆಲ್ ನೀರಿನ ಊರಾದರೆ ಇನ್ನೊಂದು ಕಾಟ. ಗೀಸರ್ ಕಾಯಿಲ್ ಮೇಲೆ ಕೂರುವ ಬಿಳಿ ಉಪ್ಪು ಸ್ಪ್ರೇ ತೂತಿನಲ್ಲೂ ಕೂರುತ್ತದೆ. ನೀರು ಬೀಸಣಿಗೆಯ ಹಾಗೆ ಹರಡುವ ಬದಲು ಒಂದು ಕಡೆ ಪಿಚಕಾರಿ ಹೊಡೆಯುತ್ತಿದ್ದರೆ ಅದೇ ಕಾರಣ. ನಾಜಲ್ ಬಿಚ್ಚಿ ನಿಂಬೆಹುಳಿ ಪುಡಿ ಕದಡಿದ ನೀರಲ್ಲಿ ನೆನೆಸಿ. ಪಿನ್ನು ಹಾಕಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ.

ದುಡ್ಡಿನ ಲೆಕ್ಕ

ಮೆಷಿನ್, ಬಾಯಿಗಳು, ಮದ್ದು, ವೈರು ಎಲ್ಲ ಸೇರಿ ನಿಮಗೆ 60,000 ಬಿತ್ತು ಅಂತಿಟ್ಟುಕೊಳ್ಳಿ. ಒಂದು ಸೋಫಾದಲ್ಲಿ ಪೆಟ್ರೋಲು, ಮದ್ದು, ಹುಡುಗನ ಕೂಲಿ ಕಳೆದು 500 ಉಳಿದರೆ 120 ಸೋಫಾಗೆ ಮೆಷಿನ್ ದುಡ್ಡು ಬಂತು. ದಿನಕ್ಕೆ ಎರಡರಂತೆ ತಿಂಗಳಿಗೆ 25 ದಿನ ಆದರೆ ಎರಡೂವರೆ ತಿಂಗಳು. ಆದರೆ ಶುರುವಿನಲ್ಲಿ ಯಾರಿಗೂ ದಿನಕ್ಕೆ ಎರಡು ಸಿಗೋದಿಲ್ಲ. ವಾರಕ್ಕೆ ನಾಲ್ಕು ಅಂತ ಲೆಕ್ಕ ಹಾಕಿ, ಆಗ 30 ವಾರ. ಅಷ್ಟು ದಿನ ತಾಳುವ ಶಕ್ತಿ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ಮೊದಲ ಹತ್ತು ಕೆಲಸಕ್ಕೆ ಬಾಡಿಗೆ ಮೆಷಿನ್ ಸಿಗುತ್ತದಾ ನೋಡಿ.

ಸಾಲ ಬೇಕಾದರೆ 2015ರಲ್ಲಿ ಶುರುವಾದ ಮುದ್ರಾ ಯೋಜನೆ ಇದೆ. ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಅದರ ಮೇಲೆ 5 ಲಕ್ಷದವರೆಗೆ ಕಿಶೋರ್. ಅಡಮಾನ ಕೇಳೋದಿಲ್ಲ, ಮೆಷಿನ್ನಿನ ಕೊಟೇಷನ್ ಕೇಳುತ್ತಾರೆ. ಹಾಗಾಗಿ ಡೀಲರ್ ಹತ್ತಿರ ಜಿಎಸ್‌ಟಿ ನಂಬರಿರುವ ಲಿಖಿತ ಕೊಟೇಷನ್ ಮೊದಲೇ ತೆಗೆದುಕೊಳ್ಳಿ. ಸೇವೆಯ ವ್ಯಾಪಾರಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನಮ್ಮಲ್ಲಿ ಜಿಎಸ್‌ಟಿ ನೋಂದಣಿ ಕಡ್ಡಾಯ ಅಲ್ಲ. ಆದರೆ ನೋಂದಣಿ ಇಲ್ಲದಿದ್ದರೆ ಮೆಷಿನ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗೋದಿಲ್ಲ.

ಬೆಲೆಗಿಂತ ಮುಖ್ಯ ಸರ್ವಿಸ್. “ಈ ಮೆಷಿನ್ನಿನ ಮೋಟರ್ ಒಂದನ್ನೇ ಕೊಂಡರೆ ಎಷ್ಟು? ಪಂಪು ಎಷ್ಟು? ಮೋಟರಿನೊಳಗೆ ಸವೆಯುವ ಕಾರ್ಬನ್ ಬ್ರಷ್ ಬೇರೆ ಸಿಗುತ್ತಾ? ಸ್ಟಾಕ್ ಇದೆಯಾ, ತರಿಸಬೇಕಾ?” ಈ ನಾಲ್ಕು ಪ್ರಶ್ನೆಗೆ ಥಟ್ಟಂತ ಉತ್ತರ ಬಾರದಿದ್ದರೆ ಅಲ್ಲಿ ಕೊಳ್ಳಬೇಡಿ. ಮೆಷಿನ್ ಮೂಲೆಯಲ್ಲಿ ಕೂತ ಒಂದೊಂದು ದಿನವೂ ನಿಮ್ಮ ಸಂಪಾದನೆ ನಿಂತಿರುತ್ತದೆ. ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯಲ್ಲಿದ್ದವರು ಸರ್ವಿಸ್ ನಿಮ್ಮ ಊರಲ್ಲೇ ಇದೆಯಾ, ಬೆಂಗಳೂರಿಗೆ ಲಾರಿಯಲ್ಲಿ ಕಳಿಸಬೇಕಾ ಅಂತ ಕೇಳಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ತಪ್ಪಲ್ಲ. ಕೊಳೆ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಹಾಕಿ. ಕೊಳೆತ ವಾಸನೆ, ಕಪ್ಪು ಬೂಷ್ಟು ಇದ್ದರೆ ಅವರು ಇಡೀ ಮೆಷಿನ್ನನ್ನೇ ಹಾಗೆ ನೋಡಿಕೊಂಡಿದ್ದಾರೆ. ಹತ್ತು ನಿಮಿಷ ಓಡಿಸಿ, ಸುಟ್ಟ ವಾಸನೆ ಬರುತ್ತಾ ನೋಡಿ. ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿದ್ದರೆ ಎಳೆತ ಅಲ್ಲೇ ಸೋರಿಹೋಗುತ್ತದೆ, ಅದನ್ನು ಬದಲಾಯಿಸೋದು ಸುಲಭ. ಅದನ್ನೇ ತೋರಿಸಿ ಬೆಲೆ ಇಳಿಸಿ.

ಕೊಂಡ ಮೇಲೆ

ಜೊತೆಗೆ ಒಂದು ಒಳ್ಳೆಯ ಒಣ ವ್ಯಾಕ್ಯೂಮ್ ಇರಲಿ, ಏಕೆಂದರೆ ಧೂಳು ಎಳೆಯದೆ ನೀರು ಬಿಟ್ಟರೆ ಧೂಳು ಕೆಸರಾಗುತ್ತದೆ. ಗಾಳಿ ಬೀಸುವ ಬ್ಲೋವರ್ ಫ್ಯಾನು ಒಂದು ಇದ್ದರೆ ಇನ್ನೂ ಚೆನ್ನ. ಮಂಗಳೂರು, ಉಡುಪಿ, ಕಾರವಾರದವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಿಲ್ಲದೆ ಆಗೋದೇ ಇಲ್ಲ. ಅಲ್ಲಿ ಬನಿಯನ್ ಒಣಗೋಕೇ ಎರಡು ದಿನ ಬೇಕು, ಇನ್ನು ಹಾಸಿಗೆಯ ಗತಿ ಏನು! ಒಂದೆರಡು ದಿನ ಒದ್ದೆ ಉಳಿದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ನಾನು ಮಳೆಗಾಲದಲ್ಲಿ ಸಂಜೆ ಕೆಲಸ ಒಪ್ಪಿಕೊಳ್ಳೋದಿಲ್ಲ. ಬೆಳಿಗ್ಗೆ ಮುಗಿಸಿ, ಫ್ಯಾನ್ ಹಾಕಿಸಿ, ಕಿಟಕಿ ತೆಗೆಸಿ ಬರುತ್ತೇನೆ.

ಕೊಳೆ ನೀರನ್ನು ಗಿರಾಕಿಯ ಟಾಯ್ಲೆಟ್ಟಿಗೆ ಸುರಿಯಿರಿ, ಕೂದಲು, ನೂಲು ಸೋಸಿ. ಬಾಲ್ಕನಿ ತೂತಿಗೆ ಸುರಿದರೆ ಕೆಳಗಿನ ಮನೆಯವರ ಒಣಗಿದ ಬಟ್ಟೆ ಮೇಲೆ ಬೀಳುತ್ತದೆ. ಇದೂ ಅನುಭವದ ಮಾತೇ.

ದಿನದ ಕೊನೆಗೆ ಎರಡು ಲೀಟರ್ ಚೊಕ್ಕ ನೀರು ಹಾಕಿ ಪಂಪು ಓಡಿಸಿ, ಮದ್ದು ಪೈಪಿನಿಂದ ಹೊರಗೆ ಹೋಗಲಿ. ಪಂಪನ್ನು ಖಾಲಿ ಟ್ಯಾಂಕಿನಲ್ಲಿ ಓಡಿಸಬೇಡಿ. ಕೊಳೆ ಟ್ಯಾಂಕು ತೊಳೆದು, ಫ್ಲೋಟಿನ ಜಾಲರಿಗೆ ಸಿಕ್ಕ ನೂಲು ತೆಗೆದು, ಪೈಪನ್ನು ಮೊಳೆಗೆ ನೇತುಹಾಕಿ ನೀರು ಬಸಿಯಲು ಬಿಡಿ. ಮುಚ್ಚಳ ಮುಚ್ಚಬೇಡಿ. ರಾತ್ರಿಯಿಡೀ ತೆರೆದೇ ಇರಲಿ. ಮುಚ್ಚಿಟ್ಟರೆ ಮಾರನೇ ದಿನ ಬೆಳಿಗ್ಗೆ ಗಿರಾಕಿಯ ಹಾಲಿನಲ್ಲಿ ಸ್ವಿಚ್ ಹಾಕಿದ ಕೂಡಲೇ ಮೆಷಿನ್ನಿನ ಹಿಂದಿನಿಂದ ಬರುವ ಗಾಳಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಒದ್ದೆ ನಾಯಿಯೇ.